ಕ್ರ್ಯಾಂಕ್ ಶಾಫ್ಟಿಗೆ ಕುಂಕುಮ

ನಮ್ಮ ಮನೆಯ ಜೀಪು ಸೋರುತ್ತಿತ್ತು. ಇಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದಿಂದ ಕಪ್ಪು ಎಣ್ಣೆ ಹನಿಹನಿಯಾಗಿ ಅಂಗಳಕ್ಕೆ ಬೀಳುತ್ತಿತ್ತು. ಅಡಿಕೆ ಒಣಗಿಸುವ ಅಂಗಳ ಹಾಳಾಗಬಾರದೆಂದು ನನ್ನ ಮಾವ ಒಂದು ಅಗಲವಾದ ಅಡಿಕೆ ಹಾಳೆಯನ್ನು ಜೀಪಿನ ಹೊಟ್ಟೆಯ ಕೆಳಗೆ ಇಟ್ಟಿದ್ದರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಕನ್ನಡಕ ಏರಿಸಿಕೊಂಡು ಬಂದು, ಆ ಹಾಳೆಯನ್ನು ಎಳೆದು, ಎಷ್ಟು ಹನಿ ಬಿದ್ದಿದೆ ಎಂದು ಜಾತಕ ನೋಡುವವರ ಗಾಂಭೀರ್ಯದಲ್ಲಿ ನೋಡುತ್ತಿದ್ದರು. ರಿಪೇರಿ ಮಾಡಿಸಬೇಕು ಎಂದು ಮಾತ್ರ ಅವರಿಗೆ ಯಾವತ್ತೂ ಅನ್ನಿಸಿದಂತಿರಲಿಲ್ಲ. ಸೋರುವುದು ನಿಂತರೆ ಬೆಳಿಗ್ಗೆ ನೋಡಲು ಏನಿರುತ್ತದೆ, ಪಾಪ!

ನಾನು ಮೇಗುಂದದ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ. ಕೊಪ್ಪ ಪೇಟೆಯಲ್ಲಿ ಮೊಬೈಲ್ ಕೊಂಡವರು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಮಾತಾಡುತ್ತ ತಿರುಗುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನೇ. ನನಗೆ ಬಿ.ಎಸ್ಸಿ. ಆಗಿತ್ತು. ಆ ಸರ್ಟಿಫಿಕೇಟನ್ನು ಅತ್ತೆ ರೇಷ್ಮೆ ಸೀರೆಗಳ ಅಡಿಯಲ್ಲಿ ನುಸಿಗುಳಿಗೆ ಹಾಕಿ ಜೋಪಾನ ಮಾಡಿದ್ದರು. ಹೊರಗೆ ತೆಗೆದರೆ ಬಣ್ಣ ಹೋಗುತ್ತದೆ ಎಂದುಕೊಂಡಿದ್ದರೋ ಏನೋ.

ಹೀಗಿರುವಾಗ ಬಾಳಗಡಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿಗೆ ಸಹಾಯಕಿ ಬೇಕು ಎಂದು ಗೊತ್ತಾಯಿತು. ಅರ್ಜಿ ಹಾಕಿದೆ, ಕರೆದರು, ಹೋದೆ, ಆಯಿತು. ದೀಪಾವಳಿ ಕಳೆದ ಎರಡನೇ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸೇರಿಕೊಳ್ಳಬೇಕು, ತಡವಾದರೆ ಪಟ್ಟಿಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿದ್ದರು. ನಮ್ಮ ಕಡೆಯಿಂದ ಹೋಗುವ ಮೊದಲ ಬಸ್ಸು ಬಾಳಗಡಿ ಮುಟ್ಟುವಾಗ ಒಂಬತ್ತೂ ಮುಕ್ಕಾಲು. ಉಳಿದದ್ದು ಜೀಪು. ಜೀಪು ಓಡಿಸಲು ನನಗೆ ಬರುತ್ತಿತ್ತು. ಶೆಟ್ಟಿಕೊಪ್ಪದ ನನ್ನ ಅಪ್ಪ ಅಡಿಕೆ ಬೆಳೆಗಾರನಾದರೂ ಟಿಲ್ಲರ್, ಪಂಪು, ಜೀಪು ಎಲ್ಲವನ್ನೂ ತಾನೇ ಬಿಚ್ಚಿ ಕಟ್ಟುವ ಮನುಷ್ಯ. ಮದುವೆಗೆ ಮೊದಲೇ ನನಗೆ ಲೈಸೆನ್ಸ್ ಮಾಡಿಸಿದ್ದ. ಮದುವೆಯ ಮಾತುಕತೆಯಲ್ಲಿ ಆ ವಿಷಯವನ್ನು ಇಲ್ಲಿಯವರಿಗೆ ಹೇಳದೆ ಮುಚ್ಚಿಟ್ಟದ್ದೂ ಅವನೇ.

ಆದರೆ ಜೀಪು ಬೆಳಿಗ್ಗೆ ಖಾಲಿ ಇರುತ್ತಿರಲಿಲ್ಲ. ನನ್ನ ಗಂಡನಿಗೆ ದಿನಾ ಎಂಟೂವರೆಗೆ "ಕೊಪ್ಪದಲ್ಲಿ ಸ್ವಲ್ಪ ಕೆಲಸ" ಇರುತ್ತಿತ್ತು. ಆ ಕೆಲಸ ಏನೆಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕುಳಿತು ಎರಡು ಕಾಫಿ ಕುಡಿದು, ಪೇಪರ್ ಓದಿ, ದೇಶದ ಸಮಸ್ಯೆಗಳನ್ನೆಲ್ಲ ಬಗೆಹರಿಸಿ, ಹನ್ನೊಂದೂವರೆಗೆ ಸುಸ್ತಾಗಿ ಮನೆಗೆ ಬರುವುದು. ನನ್ನ ಕೆಲಸದ ಬಗ್ಗೆ, ಬೆಳಿಗ್ಗೆ ನನ್ನನ್ನು ಬಾಳಗಡಿಗೆ ಬಿಟ್ಟು ಹೋಗುವ ಬಗ್ಗೆ ಅವನ ಅಭಿಪ್ರಾಯ ಕೇಳಿದೆ. "ನೋಡೋಣ" ಎಂದ. ಅವನಿಗೆ ಮಕ್ಕಳಾಗುವ ಬಗ್ಗೆ ಕೇಳಿದರೂ, ಉಪ್ಪಿಟ್ಟಿಗೆ ಉಪ್ಪು ಸಾಕಾ ಎಂದು ಕೇಳಿದರೂ ಅದೇ ಉತ್ತರ.

ಹಾಗಾಗಿ ಮಾವನನ್ನೇ ಕೇಳಿದೆ. ಜಗಲಿಯಲ್ಲಿ ಪಕ್ಕದ ಮನೆಯವರಿಬ್ಬರು ಎಲೆಯಡಿಕೆ ಹಾಕುತ್ತ ಕೂತಿದ್ದರು. ನಾಲ್ಕು ಜನರೆದುರು ಇಲ್ಲ ಎಂದರೆ ಹಳೇ ಕಾಲದವರು ಎನ್ನಿಸಿಕೊಳ್ಳಬೇಕು. ಮಾವ ಉಪಾಯದ ಮನುಷ್ಯ.

"ನಾನೆಂತ ಬೇಡ ಅಂತೇನಾ ಮಾರಾಯ್ತಿ? ಆದ್ರೆ ಸೋರೋ ಗಾಡೀಲಿ ಮನೆ ಹೆಣ್ಮಕ್ಳನ್ನ ಕಳ್ಸೋದು ಹ್ಯಾಗೆ? ಆ ಹಾಳೆ ಎಂಟು ದಿನ ಒಂದು ಹನೀನೂ ಬೀಳ್ದೆ ಒಣಗಿರ್ಲಿ. ಎಂಟನೇ ದಿನ ಕೀ ನಾನೇ ನಿನ್ನ ಕೈಲಿ ಕೊಡ್ತೇನೆ. ಕೊಟ್ಟ ಮಾತು."

ಪಕ್ಕದ ಮನೆಯವರಿಬ್ಬರೂ ಆಹಾ ಎಂಬಂತೆ ತಲೆದೂಗಿದರು. ಏಳು ವರ್ಷದಿಂದ ಸೋರುತ್ತಿದ್ದ ಜೀಪು ಅದು. ಮಾವನಿಗೆ ಅದರ ಮೇಲೆ ಪೂರ್ತಿ ಭರವಸೆ ಇತ್ತು.

ಕೊಪ್ಪದಿಂದ ಮೆಕ್ಯಾನಿಕ್ ಬಂದ. ನಗುಮುಖದ ಮನುಷ್ಯ, ಕೆಲಸ ಗೊತ್ತಿದ್ದವನು. ಇಂಜಿನ್ನಿನ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಹಿಂದುಗಡೆ ಹೊರಬರುವ ಜಾಗದಲ್ಲಿ, ಕೈಗೆ ಬಳೆ ಕೂತ ಹಾಗೆ, ಒಂದು ರಬ್ಬರಿನ ಸೀಲ್ ಕೂತಿರುತ್ತದೆ. ಒಳಗಿನ ಎಣ್ಣೆ ಹೊರಗೆ ಬಾರದಂತೆ ಅದರ ತೆಳು ತುಟಿ ಶಾಫ್ಟನ್ನು ಅಪ್ಪಿಕೊಂಡಿರಬೇಕು. ನಮ್ಮದು ಹರಿದಿತ್ತು. ಸಣ್ಣ ರಬ್ಬರು, ಆದರೆ ಅದನ್ನು ಮುಟ್ಟಬೇಕಾದರೆ ಗೇರ್ ಬಾಕ್ಸ್ ಇಳಿಸಬೇಕು, ಕ್ಲಚ್ಚು ತೆಗೆಯಬೇಕು, ಫ್ಲೈವೀಲ್ ಬಿಚ್ಚಬೇಕು. ಅವನು ಅಷ್ಟೆಲ್ಲ ಮಾಡಿ, ಹಳೇ ಸೀಲ್ ಕಿತ್ತು, "ಆಯುಧಪೂಜೆ ಮುಗ್ಸ್ಕೊಂಡು ಬರ್ತೇನೆ ಅಮ್ಮ" ಎಂದು ಮನೆಗೆ ಹೋದ.

ಆಯುಧಪೂಜೆ! ನನಗೆ ಹೊಳೆಯಲೇ ಇಲ್ಲ ನೋಡಿ.

ನಮ್ಮ ಮಾವನ ಪೂಜೆಯಿಂದ ತಪ್ಪಿಸಿಕೊಂಡ ಲೋಹದ ಸಾಮಾನು ಆ ಮನೆಯಲ್ಲಿ ಇಲ್ಲ. ಕತ್ತಿ, ಗುದ್ದಲಿ, ಪಂಪು, ಮಿಕ್ಸಿ ಎಲ್ಲಕ್ಕೂ ಗಂಧ, ಕುಂಕುಮ. ನನ್ನ ಹಳೇ ಕ್ಯಾಲ್ಕುಲೇಟರಿಗೂ ಒಂದು ಬೊಟ್ಟು ಬಿದ್ದು, ಅದರಲ್ಲಿ ಎಂಟನ್ನು ಒತ್ತಿದರೆ ಹೊರಗೆ ಬಾರದಂತಾಯಿತು. ಕೊನೆಗೆ ಮಾವ ಮಡಿಪಂಚೆ ಮೇಲೆತ್ತಿ ಕಟ್ಟಿ ಜೀಪಿನಡಿಗೆ ತೂರಿದರು. ಎಪ್ಪತ್ತರ ವಯಸ್ಸಿನಲ್ಲಿ! ಅಲ್ಲಿ ಇಂಜಿನ್ನು ಬಾಯಿ ತೆರೆದುಕೊಂಡಿದೆ, ನಡುವೆ ಶಾಫ್ಟಿನ ತುದಿ ದುಂಡಗೆ, ನುಣ್ಣಗೆ ಹೊಳೆಯುತ್ತಿದೆ. ಮಾವನಿಗೆ ಭಕ್ತಿ ಉಕ್ಕಿತು.

"ಇಷ್ಟು ವರ್ಷ ಬಾನೆಟ್ಟಿಗೆ ಪೂಜೆ ಮಾಡಿದ್ದೇ ತಪ್ಪು. ಮೂಲಸ್ಥಾನ ಇಲ್ಲಿದೆ!" ಎಂದು ಕೆಳಗಿನಿಂದಲೇ ಕೂಗಿ, ಸೀಲ್ ಕೂರುವ ಜಾಗಕ್ಕೇ ಸರಿಯಾಗಿ ಮೂರು ಬೆರಳಲ್ಲಿ ಗಂಧ ಎಳೆದು, ನಡುವೆ ಕುಂಕುಮ ಒತ್ತಿ, ಅಕ್ಷತೆ ಹಾಕಿದರು.

ಬಟ್ಟೆಯ ಒಂದು ನೂಲು ಇದ್ದರೂ ಸೀಲ್ ತಾಳುವುದಿಲ್ಲ ಎಂದು ಅಪ್ಪನ ಜೊತೆ ಬೆಳೆದ ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಪೂಜೆಯ ದಿನ ಸೊಸೆ ಅಡ್ಡಬಾಯಿ ಹಾಕಿದಳು ಎನ್ನಿಸಿಕೊಳ್ಳಲು ಹೆದರಿದೆ. ಇವತ್ತಿಗೂ ಆ ನನ್ನ ಮೌನ ನೆನೆದರೆ ಮೈ ಉರಿಯುತ್ತದೆ.

ಮೂರು ದಿನ ಬಿಟ್ಟು ಮೆಕ್ಯಾನಿಕ್ ಬಂದ. ಗಂಧ ಒಣಗಿ ಗಾರೆಯಾಗಿತ್ತು. ಅವನು ನೋಡಿದ, ಕೈ ಮುಗಿದ. ಒರೆಸು ಎಂದು ಮೆಲ್ಲಗೆ ಹೇಳಿದೆ.

"ಯಜಮಾನ್ರು ಇಟ್ಟಿದ್ದನ್ನ ನಾ ಒರೆಸ್ಲಾ ಅಮ್ಮ? ನಂಗೂ ಹೆಂಡ್ತಿ ಮಕ್ಳಿದಾರೆ" ಎಂದು, ಆ ಗಾರೆಯ ಮೇಲೆಯೇ ಹೊಸ ಸೀಲ್ ಬಡಿದು ಕೂರಿಸಿದ.

ಮೂರನೇ ಬೆಳಿಗ್ಗೆ ಹಾಳೆಯಲ್ಲಿ ಹನಿ. ಬರೀ ಕಪ್ಪಲ್ಲ, ಅಂಚಿನಲ್ಲಿ ಕೆಂಪು. ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ಕುಂಕುಮ ಕರಗಿ ಕೆಳಗಿಳೀತು. ಇದು ಒಳ್ಳೇದಕ್ಕಲ್ಲ" ಎಂದರು. ಮಾವ ಕನ್ನಡಕ ತೆಗೆದು ಒರೆಸಿ, "ಹೆಣ್ಮಕ್ಳು ಹೊರಗೆ ಹೋಗೋದು ದೇವ್ರಿಗೆ ಮನಸ್ಸಿಲ್ಲ ಅಂತ ಕಾಣ್ತದೆ" ಎಂದು ಬಹಳ ದುಃಖದಿಂದ ಹೇಳಿದರು. ದುಃಖ ಎಷ್ಟಿತ್ತೆಂದರೆ ಆ ದಿನ ಎರಡು ದೋಸೆ ಜಾಸ್ತಿ ತಿಂದರು. ನನಗೆ ಬಂದ ಸಿಟ್ಟಿಗೆ ಕಾವಲಿಯನ್ನೇ ಎತ್ತಿ ಹಾಕಬೇಕು ಅನ್ನಿಸಿತ್ತು. ಮರಳಿನಂಥ ಗಂಧದ ಪುಡಿ ಹಾಕಿ ರಬ್ಬರು ಹರಿದವರು ತಾವು, ಹೊಣೆ ಮಾತ್ರ ದೇವರ ತಲೆಗೆ!

ಎರಡನೇ ಪ್ರಯತ್ನಕ್ಕೆ ನನ್ನ ಗಂಡ ಶೃಂಗೇರಿಗೆ ಹೋದ. ಅಲ್ಲಿಂದ ಒಂದೇ ಚೀಲದಲ್ಲಿ ಪ್ರಸಾದವನ್ನೂ ಸೀಲನ್ನೂ, ಮುಂದಿನ ಸೀಟಿನಲ್ಲಿ ಒಬ್ಬ ಮೆಕ್ಯಾನಿಕ್ಕನ್ನೂ ತಂದ. ಈತನನ್ನು ಅಲ್ಲಿ ಡಾಕ್ಟರ್ ಎಂದೇ ಕರೆಯುತ್ತಾರಂತೆ. ಡಾಕ್ಟರು ಎಲ್ಲ ಬಿಚ್ಚಿಸಿ, ಶಾಫ್ಟ್ ನೋಡಿ, "ಕ್ಲೀನ್ ಇಲ್ಲ" ಎಂದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅವರ ಕ್ಲೀನ್ ಎಂದರೆ ಸ್ಕ್ರೂಡ್ರೈವರಿನ ಮೊನೆಯಿಂದ ಗಂಧದ ಹೆಕ್ಕಳ ಕೀಳುವುದು, ಆಮೇಲೆ ಬಾಗಿಲು ಉಜ್ಜುವ ಒರಟು ಎಮರಿ ಪೇಪರ್ ಹಿಡಿದು ಶಾಫ್ಟಿನ ಉದ್ದಕ್ಕೆ ಹಿಂದೆ ಮುಂದೆ ಗಸಗಸ ತಿಕ್ಕುವುದು. ಶಾಫ್ಟಿನ ತುಂಬ ಉದ್ದುದ್ದ ಗೀರು. ಎಣ್ಣೆಗೆ ಹೊರಗೆ ಬರಲು ತಾವೇ ಕಾಲುವೆ ಕಡಿದುಕೊಟ್ಟಂತಾಯಿತು.

"ಸುತ್ತ ಉಜ್ಜಬೇಕಲ್ವಾ? ಉದ್ದಕ್ಕೆ ಗೀರಿದರೆ ಸೋರೋದಿಲ್ವಾ?" ಎಂದೆ.

ಡಾಕ್ಟರು ನನ್ನನ್ನು ನೋಡಲಿಲ್ಲ, ನನ್ನ ಗಂಡನನ್ನು ನೋಡಿದರು. "ಒಳಗಡೆಯಿಂದ ಒಂದು ಕಾಫಿ ಆಗ್ತದಾ?" ಎಂದು ಕೇಳಿದರು.

ನಾನು ಕಾಫಿ ಮಾಡಿ ತರುವಷ್ಟರಲ್ಲಿ ಮಾವ ಮತ್ತೆ ಜೀಪಿನಡಿಗೆ ಸೇರಿದ್ದರು. ಹಿಂದಿನ ಸಲ ಬೊಟ್ಟು ಸಣ್ಣದಾಯಿತು, ಅದಕ್ಕೇ ದೋಷ ಎಂದು ಅವರಿಗೆ ಖಾತ್ರಿಯಾಗಿತ್ತು. ಈ ಸಲ ರೂಪಾಯಿ ಅಗಲಕ್ಕೆ ಇಟ್ಟರು. ಡಾಕ್ಟರು ಅದಕ್ಕೆ ನಮಸ್ಕಾರ ಮಾಡಿ ಸೀಲ್ ಕೂರಿಸಿ ಹೊರಟುಹೋದರು. ಮಾರನೇ ಬೆಳಿಗ್ಗೆಯೇ ಹಾಳೆ ಒದ್ದೆ.

ಸೋಮವಾರಕ್ಕೆ ಹತ್ತು ದಿನ ಉಳಿದಿತ್ತು. ಅಪ್ಪನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಅಪ್ಪನಿಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ.

"ಉಗುರಲ್ಲಿ ನೋಡಿದ್ಯಾ?" ಎಂದು ಕೇಳಿದ.

"ಯಾರ ಉಗುರು?"

"ನಿಂದೇ ಮಗಾ. ಶಾಫ್ಟಿನ ಮೇಲೆ ಅಡ್ಡ ಎಳಿ. ಉಗುರು ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಹಳೇ ಸೀಲು ಅಲ್ಲಿ ಸವೆಸಿ ಗುಂಡಿ ಮಾಡಿದೆ ಅಂತ ಲೆಕ್ಕ. ಹೊಸದನ್ನ ಪೂರ್ತಿ ಒಳಗೆ ಹೊಡಿಬಾರ್ದು, ಒಂದು ಕೂದಲೆಳೆಯಷ್ಟು ಈಚೆಗೆ ನಿಲ್ಲಿಸ್ಬೇಕು, ತುಟಿ ಹೊಸ ಜಾಗದ ಮೇಲೆ ಕೂರ್ತದೆ. ಸಾಮಾನು ನಾಳೆ ಬಸ್ಸಿಗೆ ಕೊಡ್ತೇನೆ." ಅಷ್ಟು ಹೇಳಿ ಫೋನ್ ಇಟ್ಟ.

ಮರುದಿನ ಎನ್.ಆರ್. ಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಬಂತು. ಒಂದು ಸೀಲ್, ಎರಡು ತುಂಡು ಜೀರೋ ಪೇಪರ್, ಎಂದರೆ ತೀರ ನುಣುಪಿನ ಎಮರಿ. ಕೊಪ್ಪದ ಮೆಕ್ಯಾನಿಕ್ಕನ್ನು ಮತ್ತೆ ಕರೆಸಿ, "ಬಿಚ್ಚೋದು, ಕಟ್ಟೋದು ನಿಂದು, ನಡುವಿನ ಕೆಲಸ ನಂದು" ಎಂದೆ. ಅವನಿಗೆ ಪಾಪ ಹೊರೆ ಇಳಿದಂತಾಯಿತು. ಒರೆಸಿದ ಪಾಪ ತನಗೆ ತಟ್ಟುವುದಿಲ್ಲವಲ್ಲ.

ಆದರೆ ಗಂಧದ ಬಟ್ಟಲು ಹಿಡಿದು ಮಾವ ಆಗಲೇ ಹಾಜರ್. ಈ ಸಲ ಅರಿಶಿನವೂ ಇತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ನಾನು ಅವರಿಗೆ ಅಡ್ಡ ನಿಂತೆ.

"ಮಾವ, ದೇವ್ರಿಗೆ ಕುಂಕುಮ ಎಲ್ಲಿಗಿಡ್ತಾರೆ?"

"ಹಣೆಗೆ. ಎಂತ ಪ್ರಶ್ನೆ ಇದು?"

"ಇಂಜಿನ್ನಿಗೆ ಮುಖ ಇರೋದು ಮುಂದುಗಡೆ, ರೇಡಿಯೇಟರ್ ಹತ್ರ. ನೀವು ಎರಡು ಸಲದಿಂದ ಕುಂಕುಮ ಇಡ್ತಾ ಇರೋದು ಅದ್ರ ಹಿಂಭಾಗಕ್ಕೆ."

ಮಾವ ಬಟ್ಟಲು ಹಿಡಿದುಕೊಂಡೇ ಕಲ್ಲಾದರು. ಇಂಗು ತಿಂದ ಮಂಗ ಎನ್ನುತ್ತಾರಲ್ಲ, ಆ ಮುಖ ಅವತ್ತು ಕಣ್ಣಾರೆ ಕಂಡೆ. ಜೀಪಿನಡಿಯಿಂದ ಮೆಕ್ಯಾನಿಕ್ ನಗು ತಡೆಯಲಾರದೆ ಕೆಮ್ಮುವುದು ಕೇಳಿಸಿತು. ಮಾವ ಮುಂದುಗಡೆಗೆ ಹೋಗಿ ಬಾನೆಟ್ಟಿಗೆ ಗಂಧ ಬಳಿಯತೊಡಗಿದರು. ತಪ್ಪುಕಾಣಿಕೆ ಎಂಬಂತೆ ಹೆಡ್‌ಲೈಟಿಗೂ ಇಟ್ಟರು.

ನಾನು ಚೂಡಿದಾರದ ವೇಲ್ ಸೊಂಟಕ್ಕೆ ಬಿಗಿದು ಒಳಗೆ ತೂರಿದೆ. ಮಾವನ ಸವೆದು ನುಣ್ಣಗಾದ ಹಳೇ ಮಡಿಪಂಚೆಯೊಂದನ್ನು ಅತ್ತೆಗೆ ಹೇಳದೆ ಹರಿದುಕೊಂಡಿದ್ದೆ, ನೂಲು ಬಿಡದ ಬಟ್ಟೆ ಆ ಮನೆಯಲ್ಲಿ ಅದೊಂದೇ. ಪೆಟ್ರೋಲಿನಲ್ಲಿ ಅದ್ದಿ ಒರೆಸಿದೆ. ಕುಂಕುಮ, ಗಂಧ, ಡಾಕ್ಟರು ಬಳಿದ ಅಂಟು ಎಲ್ಲ ಬಂತು. ಹುಟ್ಟಿದಾಗಿನಿಂದ ಕಣ್ಣಿಗೊತ್ತಿಕೊಂಡ ವಸ್ತುವನ್ನು ಕೊಳೆ ಎಂದು ಒರೆಸುವುದು ಸುಲಭವಲ್ಲ. ಬಟ್ಟೆಗೆ ಏನೂ ಅಂಟದವರೆಗೂ ಒರೆಸಿದೆ. ಆಮೇಲೆ ಹೆಬ್ಬೆರಳಿನ ಉಗುರು ಅಡ್ಡ ಎಳೆದೆ. ಟಿಕ್ ಎಂದು ಸಿಕ್ಕಿಕೊಂಡಿತು. ಏಳು ವರ್ಷದ ಗುಂಡಿ! ಕಣ್ಣಿಗೆ ಬರೀ ಒಂದು ಮಂಕು ಗೆರೆ, ಉಗುರಿಗೆ ಸ್ಪಷ್ಟ ಹಳ್ಳ. ಎರಡು ತಾಲೂಕಿನ ಗಂಡಸರು ಅದರೆದುರು ಕೂತು ಕಾಫಿ ಕುಡಿದು ಹೋಗಿದ್ದರು.

ಉಜ್ಜಿದ ಪುಡಿ ಇಂಜಿನ್ನಿನೊಳಗೆ ಹೋಗದಂತೆ ಸಂದಿಗೆಲ್ಲ ಬಟ್ಟೆ ತುರುಕಿದೆ. ಜೀರೋ ಪೇಪರನ್ನು ಉದ್ದದ ಪಟ್ಟಿಯಾಗಿ ಹರಿದು, ಒಂದಿಷ್ಟು ಎಣ್ಣೆ ಸವರಿ, ಶಾಫ್ಟಿಗೆ ಸುತ್ತು ಹಾಕಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ಎಳೆಯತೊಡಗಿದೆ. ಮಜ್ಜಿಗೆ ಕಡೆಯುವ ಹಗ್ಗ ಎಳೆದ ಹಾಗೇ, ಈ ಕೈ, ಆ ಕೈ. ದಿನಾ ಬೆಳಿಗ್ಗೆ ಅತ್ತೆ ನನ್ನಿಂದ ಮಾಡಿಸುತ್ತಿದ್ದ ಕೆಲಸವೇ, ಅಂತೂ ಉಪಯೋಗಕ್ಕೆ ಬಂತು. ಡಾಕ್ಟರು ಎಳೆದ ಉದ್ದ ಗೀರುಗಳು ಮೆಲ್ಲಗೆ ಮಾಯವಾದವು. ಗುಂಡಿ ಹೋಗಲಿಲ್ಲ, ಹೋಗುವುದೂ ಇಲ್ಲ, ಅದರ ಅಂಚು ಮಾತ್ರ ನಯವಾಯಿತು. ಮತ್ತೆ ಪೆಟ್ರೋಲಿನಲ್ಲಿ ತೊಳೆದು, ಬಟ್ಟೆ ತೆಗೆದು, ಸೀಲಿನ ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮವಾಗಿ ತಟ್ಟುತ್ತ ಕೂರಿಸಿದೆವು. ಅಪ್ಪ ಹೇಳಿದ ಹಾಗೆ ಒಂದು ಕೂದಲು ಈಚೆಗೆ ನಿಲ್ಲಿಸಿದೆವು.

ಮೆಕ್ಯಾನಿಕ್ ಎಲ್ಲ ಕಟ್ಟಿ ಮುಗಿಸಿ, "ನಮ್ ಶೆಡ್ಡಿಗೆ ಬಂದ್ಬಿಡಿ ಅಮ್ಮ, ಲ್ಯಾಬು ಯಾಕೆ" ಎಂದು ನಕ್ಕ. ಮಾವ ಹೊಸ ಹಾಳೆಯೊಂದನ್ನು ತಂದು ಜೀಪಿನಡಿಗೆ ಇಟ್ಟರು. ಅವತ್ತು ಶನಿವಾರ. ಮುಂದಿನ ಭಾನುವಾರಕ್ಕೆ ಎಂಟು ಬೆಳಗು, ಅದರ ಮಾರನೇ ದಿನವೇ ಕಾಲೇಜು. ಗಂಡ ಎಂದಿನಂತೆ ದಿನಾ ಕೊಪ್ಪಕ್ಕೆ ಹೋಗಿ ಬರುತ್ತಿದ್ದ. ಓಡದೆ ನಿಂತ ಗಾಡಿ ಸೋರದಿದ್ದರೆ ಅದೇನು ಲೆಕ್ಕ?

ಮೊದಲ ಬೆಳಿಗ್ಗೆ ಹಾಳೆ ಒಣ. ಎರಡನೆಯದೂ ಒಣ. ನಾಲ್ಕನೇ ದಿನ ಮಾವ ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿದರು. ಆರನೇ ದಿನ ಮೂಸಿ ನೋಡಿದರು. ಏಳನೇ ದಿನ ಅತ್ತೆ ಸೀರೆಗಳ ಅಡಿಯಿಂದ ಸರ್ಟಿಫಿಕೇಟ್ ತೆಗೆದು ಮೇಜಿನ ಮೇಲಿಟ್ಟರು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ನಾನು ಇಸ್ತ್ರಿ ಮಾಡಿದ ಸೀರೆ ಮಂಚದ ತಲೆಗೆ ಹಾಕಿಟ್ಟೆ.

ಭಾನುವಾರ ಬೆಳಿಗ್ಗೆ ಮಾವ ಹಾಳೆ ಎಳೆದರು. ಐದು ಹನಿ.

"ಅಯ್ಯೋ" ಎಂದರು. ಈ ಸಲ ಅವರಿಗೆ ನಿಜವಾಗಿಯೂ ಬೇಜಾರಾದಂತೆ ಕಂಡಿತು. "ಎಂತ ಮಾಡೋದು ಮಾರಾಯ್ತಿ. ಏಳು ದಿನ ತಡ್ಕೊಂಡಿತ್ತು. ಮಾತು ಮಾತೇ ಅಲ್ವಾ."

ನಾನು ಅಲ್ಲೇ ಕುಕ್ಕರಿಸಿದೆ. ಜಗಲಿಯಲ್ಲಿ ಪೇಪರ್ ಹಿಡಿದಿದ್ದ ಗಂಡ "ಮುಂದಿನ ವರ್ಷ ನೋಡೋಣ" ಎಂದ. ಅವನ ನೋಡೋಣಕ್ಕೆ ಮೊದಲ ಬಾರಿ ಒಂದು ತಾರೀಖು ಅಂಟಿಕೊಂಡಿತ್ತು. ಅದೇ ನನಗೆ ವಿಚಿತ್ರವಾಗಿ ಕೇಳಿಸಿತು. ಬೆರಳು ಚಾಚಿ ಒಂದು ಹನಿ ಮುಟ್ಟಿದೆ.

ಜೇನಿನ ಬಣ್ಣ.

ಡೀಸೆಲ್ ಇಂಜಿನ್ನಿನೊಳಗೆ ಹೋದ ಎಣ್ಣೆ ಒಂದೇ ದಿನದಲ್ಲಿ ಕಾಡಿಗೆಯಾಗುತ್ತದೆ. ಏಳು ವರ್ಷ ಆ ಮನೆಯ ಹಾಳೆಗೆ ಬಿದ್ದದ್ದೆಲ್ಲ ಕಪ್ಪೇ. ಇದು ಇಂಜಿನ್ ಕಂಡ ಎಣ್ಣೆಯೇ ಅಲ್ಲ. ಡಬ್ಬಿಯಿಂದ ನೇರವಾಗಿ ಬಂದದ್ದು. ಮಾವನ ಮುಖ ನೋಡಿದೆ. ಇವರೇ ಎಂದುಕೊಂಡೆ. ಬಾಯಿಗೆ ಬಂದ ಮಾತು ಇನ್ನೇನು ಹೊರಬೀಳಬೇಕು, ಅಡಿಗೆಮನೆಯಿಂದ ಅತ್ತೆ ಕೂಗಿದರು.

"ತುಪ್ಪದ ಮಿಳ್ಳೆ ಯಾರು ತಗೊಂಡ್ರಿ? ದೋಸೆ ಆರ್ತಾ ಇದೆ!"

ತುಪ್ಪ ಬಡಿಸುವ ಆ ಪುಟ್ಟ ಬೆಳ್ಳಿ ಸೌಟು ಅತ್ತೆಯ ತವರಿನಿಂದ ಬಂದದ್ದು. ಮಡಿಯಲ್ಲದೆ ಯಾರೂ ಮುಟ್ಟುವಂತಿರಲಿಲ್ಲ. ಎಲ್ಲರೂ ಹುಡುಕಿದೆವು. ನನ್ನ ಗಂಡ ಮಾತ್ರ ಹುಡುಕದೆ, ಪೇಪರ್ ಕೆಳಗಿಟ್ಟು, ಸೀದಾ ಅಂಗಳದಂಚಿನ ಸಾಮಾನು ಕೊಟ್ಟಿಗೆಯ ಕಡೆ ನಡೆದ. ನಾನೂ ಮಾವನೂ ಹಿಂದೆಯೇ ಹೋದೆವು. ಅವನು ಎಣ್ಣೆ ಡಬ್ಬಿಯ ಹಿಂದಿನಿಂದ ಮಿಳ್ಳೆ ತೆಗೆದು ಲುಂಗಿಗೆ ಒರೆಸುತ್ತ ನಿಂತಿದ್ದ. ಬೆಳ್ಳಿಯ ಕುಳಿಯಲ್ಲಿ ಜೇನಿನ ಬಣ್ಣದ ಎಣ್ಣೆ.

ಏನನ್ನೂ ಖಡಾಖಂಡಿತವಾಗಿ ಬೇಡ ಎನ್ನದ ಮನುಷ್ಯ, ಎರಡು ಕಾಫಿಗಾಗಿ ಬೆಳಗಿನ ಜಾವ ಎದ್ದು ಐದು ಹನಿ ಎಣಿಸಿ ಹಾಕಿದ್ದ. ಮಾವನ ಮೇಲೆ ಅಷ್ಟು ದಿನ ಕಾರಿದ ಸಿಟ್ಟೆಲ್ಲ ವಿಳಾಸ ತಪ್ಪಿ ಹೋಗಿತ್ತು.

ಸಿಡಿದದ್ದು ಮಾವ. "ತುಪ್ಪದ ಮಿಳ್ಳೆ! ಇಂಜಿನ್ ಆಯಿಲ್ಲಿಗೆ ತುಪ್ಪದ ಮಿಳ್ಳೆ! ಮಡಿ ಮೈಲಿಗೆ ಎಂತದೂ ಇಲ್ವಾ ನಿಂಗೆ?" ಗಂಡ "ಅಪ್ಪಯ್ಯ, ಅದು..." ಎಂದು ಏನೋ ತೊದಲಿದ. ಮಾವ ಕೇಳಲಿಲ್ಲ. ಮೊಳೆಗೆ ತೂಗುಹಾಕಿದ್ದ ಕೀ ತೆಗೆದು ನನ್ನ ಕೈಗೆ ಹಾಕಿದರು. "ಹಾಳೆ ಒಣಗಿತ್ತು. ನಾಳೆ ಹೊತ್ತಿಗೆ ಸರಿಯಾಗಿ ಹೋಗು" ಎಂದರು. ನನಗೆ ಮಾಡಿದ ಮೋಸಕ್ಕೆ ಆ ಸಿಟ್ಟು ಬಂದದ್ದಲ್ಲ, ಮಿಳ್ಳೆಗೆ ಬಂದದ್ದು. ಪರವಾಗಿಲ್ಲ, ಕೀ ಮಾತ್ರ ನಿಜವಾದದ್ದೇ.

ಸೋಮವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬಾಳಗಡಿಯಲ್ಲಿದ್ದೆ. ಗಂಡ ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಲು ಶುರುಮಾಡಿದ. ಆ ಸೀಲ್ ವರ್ಷಗಟ್ಟಲೆ ಒಂದು ಹನಿ ಬಿಡಲಿಲ್ಲ. ಹಾಳೆ ತೆಗೆದುಬಿಡೋಣ ಎಂದು ಅತ್ತೆ ಎಷ್ಟೋ ಸಲ ಹೇಳಿದರು, ನಾನೇ ಬೇಡ ಎಂದೆ. ದಿನಾ ಬೆಳಿಗ್ಗೆ ಕೀ ಹಿಡಿದು ಹೊರಡುವ ಮೊದಲು ಬಗ್ಗಿ ಹಾಳೆ ನೋಡುತ್ತಿದ್ದೆ. ಆಮೇಲೆ ಜಗಲಿಯಲ್ಲಿ ಪೇಪರ್ ಹಿಡಿದು ಕೂತ ಗಂಡನ ಬೆರಳುಗಳನ್ನು ನೋಡುತ್ತಿದ್ದೆ.